ಬಿಪಿ ನಾರ್ಮಲ್, ಆದರೂ ಯಾಕೋ ಸರಿಯಿಲ್ಲ

ಪ್ರಶ್ನೆ: ಜಿಎನ್‌ಎಂ ಮುಗಿಸಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿ ಇದು ಎರಡನೇ ವರ್ಷ. ಕಳೆದ ತಿಂಗಳು ಒಂದು ರಾತ್ರಿ ಗಂಡಸರ ಸರ್ಜಿಕಲ್ ವಾರ್ಡಿನಲ್ಲಿ 34 ಜನ ರೋಗಿಗಳು, ನಾನೊಬ್ಬಳು, ಜೊತೆಗೆ ಒಬ್ಬ ಆಯಾ. 12ನೇ ಬೆಡ್ಡಿನಲ್ಲಿ 58 ವರ್ಷದವರು, ತೂಕ ಸುಮಾರು 60 ಕೆ.ಜಿ. ಹರ್ನಿಯಾದಲ್ಲಿ ಸಿಕ್ಕಿ ಕಪ್ಪಾಗಿದ್ದ ಕರುಳಿನ ತುಂಡು ತೆಗೆದು ಜೋಡಿಸಿದ್ದರು. ಅಂದು ಮೂರನೇ ರಾತ್ರಿ. ಮೊದಲಿಂದಲೂ ಬಿಪಿ ಇರುವವರು, ಹಿಂದಿನ ದಿನ ಅಟೆನೊಲಾಲ್ ಮಾತ್ರೆ ಮತ್ತೆ ಶುರು ಮಾಡಿದ್ದರು. ಅಡ್ಮಿಷನ್ ದಿನ ಬಿಪಿ 150/90 ಇತ್ತು. ರಾತ್ರಿ ಒಂದು ಗಂಟೆಗೆ ನೋಡಿದಾಗ 110/70, ಪಲ್ಸ್ 96, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 95, ಟೆಂಪರೇಚರ್ 99.3. ಉಸಿರು ನಿಮಿಷಕ್ಕೆ 20 ಎಂದು ಬರೆದೆ. ನಿಜ ಹೇಳಬೇಕೆಂದರೆ ಎಣಿಸಲಿಲ್ಲ, ಎಲ್ಲರೂ ಬರೆಯುವ ಹಾಗೆ ಬರೆದೆ. ಯೂರಿನ್ ಬ್ಯಾಗಿನಲ್ಲಿ ಸಂಜೆ ಏಳರಿಂದ 120 ಎಂ.ಎಲ್. ಅವರು ಸುಮ್ಮನೆ ಮಲಗುತ್ತಿರಲಿಲ್ಲ, ಮೂಗಿನಿಂದ ಹೊಟ್ಟೆಗೆ ಹಾಕಿದ್ದ ರೈಲ್ಸ್ ಟ್ಯೂಬ್ ಎಳೆಯುತ್ತಿದ್ದರು. ಅವರ ಹೆಂಡತಿ, ‘ಸಂಜೆಯಿಂದ ಏನೇನೋ ಮಾತಾಡ್ತಾರೆ ಸಿಸ್ಟರ್, ಇವರು ಹಿಂಗಲ್ಲ’ ಅಂದರು. ನನಗೂ ಯಾಕೋ ಸರಿ ಅನ್ನಿಸಲಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ‘ಸರ್, 12ನೇ ಬೆಡ್ ಯಾಕೋ ಸರಿ ಇಲ್ಲ ಅನ್ಸುತ್ತೆ, ವೈಟಲ್ಸ್ ಎಲ್ಲ ನಾರ್ಮಲ್ ಇದೆ’ ಅಂದೆ. ‘ನಾರ್ಮಲ್ ಇದ್ರೆ ಯಾಕೆ ಫೋನ್ ಮಾಡ್ತೀರಿ, ಅಬ್ಸರ್ವ್ ಮಾಡಿ’ ಅಂದರು. ಬೆಳಿಗ್ಗೆ ಐದೂವರೆಗೆ ಬಿಪಿ 80ಕ್ಕೆ ಇಳಿದು ಐಸಿಯುಗೆ ಸಾಗಿಸಿದೆವು. ಅಲ್ಲಿ ಎಣಿಸಿದಾಗ ಉಸಿರು 34. ಕರುಳು ಜೋಡಿಸಿದ ಜಾಗ ಸೋರುತ್ತಿತ್ತಂತೆ. ಮತ್ತೆ ಆಪರೇಷನ್ ಆಗಿ, ಈಗ ಚೇತರಿಸಿಕೊಂಡು ಮನೆಗೆ ಹೋಗಿದ್ದಾರೆ.

ನನ್ನ ಪ್ರಶ್ನೆಗಳು: ‘ಯಾಕೋ ಸರಿಯಿಲ್ಲ’ ಅನ್ನಿಸುವುದನ್ನು ನಂಬಬಹುದೇ? ಡಾಕ್ಟರಿಗೆ ಹೇಗೆ ಹೇಳಬೇಕಿತ್ತು? ಈಗ ಈ ಕೇಸಿನ ಆಡಿಟ್ ಇದೆ. ಚಾರ್ಟಿನಲ್ಲಿ ಉಸಿರು 20 ಇರುವುದನ್ನು 24 ಮಾಡಿಬಿಡು ಎಂದು ಸೀನಿಯರ್ ಒಬ್ಬರು ಹೇಳುತ್ತಿದ್ದಾರೆ. ಮಾಡಲೇ?

ಉತ್ತರ: ಕೊನೆಯ ಪ್ರಶ್ನೆಗೆ ಒಂದೇ ಮಾತಿನಲ್ಲಿ ಮೊದಲೇ ಹೇಳಿಬಿಡುತ್ತೇನೆ: ಮಾಡಬೇಡಿ. ಕಾರಣವನ್ನು ಆಮೇಲೆ ಬರೆಯುತ್ತೇನೆ. ಕೇಸ್ ಶೀಟ್ ನನ್ನ ಕೈಯಲ್ಲಿಲ್ಲ, ನೀವು ಬರೆದದ್ದರ ಮೇಲೆಯೇ ಈ ಉತ್ತರ.

ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ‘ಯಾಕೋ’ ಎಂದು ಬರೆದಿದ್ದೀರಿ, ಆದರೆ ಯಾಕೆ ಎಂಬುದೂ ಅದರಲ್ಲೇ ಇದೆ. 150 ಇದ್ದ ಬಿಪಿ 110ಕ್ಕೆ ಬಂದಿದೆ. ಪಲ್ಸನ್ನು ಹಿಡಿದಿಡುವ ಅಟೆನೊಲಾಲ್ ಒಳಗಿದ್ದೂ ಅದು 96 ಇದೆ. 60 ಕೆ.ಜಿ. ತೂಕದವರಿಗೆ ಗಂಟೆಗೆ ಕೆ.ಜಿ.ಗೆ ಅರ್ಧ ಎಂ.ಎಲ್. ಲೆಕ್ಕದಲ್ಲಿ ಆರು ಗಂಟೆಗೆ ಕಡಿಮೆಯೆಂದರೂ 180 ಎಂ.ಎಲ್. ಯೂರಿನ್ ಬರಬೇಕಿತ್ತು, ಬಂದದ್ದು 120. ನೆಟ್ಟಗಿದ್ದ ಮನುಷ್ಯ ಸಂಜೆಯಿಂದ ತಡವರಿಸುತ್ತಿದ್ದಾರೆ. ಕರುಳು ಜೋಡಿಸಿ ಮೂರನೇ ದಿನ, ಅಂದರೆ ಸೋರುವಿಕೆ ತಲೆ ಎತ್ತಬಹುದಾದ ದಿನಗಳು ಶುರುವಾಗಿವೆ. ಇಷ್ಟನ್ನೂ ನಿಮ್ಮ ಕಣ್ಣು ಕಂಡಿತ್ತು, ಮನಸ್ಸು ಅದನ್ನು ಒಟ್ಟುಮಾಡಿ ಒಂದು ಆತಂಕವನ್ನಾಗಿ ನಿಮ್ಮ ಮುಂದಿಟ್ಟಿತು. ನಂಬಬಹುದೇ ಎಂದು ಕೇಳಿದ್ದೀರಿ. ನಂಬಿ ಕೂರುವುದೂ ಬೇಡ, ತಳ್ಳಿಹಾಕುವುದೂ ಬೇಡ. ಹಾಗೆ ಅನ್ನಿಸಿದ ಕೂಡಲೇ ಆ ಬೆಡ್ಡಿನ ಪಕ್ಕ ಐದು ನಿಮಿಷ ನಿಂತು ಅದರ ಹಿಂದಿರುವುದನ್ನು ಹುಡುಕಿ. ನೆದರ್ಲೆಂಡ್ಸಿನ ಸಂಶೋಧಕರು ನರ್ಸುಗಳ ಇಂಥ ಆತಂಕದ ಬಗ್ಗೆ ಆವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಆತಂಕದ ಹಿಂದೆ ಕಂಡುಬಂದದ್ದು ಉಸಿರಾಟದಲ್ಲಿ, ರಕ್ತಸಂಚಾರದಲ್ಲಿ, ಮನಸ್ಥಿತಿಯಲ್ಲಿ ಆದ ಬದಲಾವಣೆ, ಚಡಪಡಿಕೆ, ನೋವು, ‘ನನಗೆ ಹುಷಾರಿಲ್ಲ’ ಎಂದು ರೋಗಿಯೇ ಹೇಳುವುದು, ಚೇತರಿಕೆ ಎಣಿಸಿದಂತೆ ಸಾಗದಿರುವುದು. ಎಷ್ಟೋ ಬಾರಿ ಇವು ಬಿಪಿ ಬೀಳುವ ಮೊದಲೇ ಕಾಣಿಸಿಕೊಂಡಿದ್ದವು.

ನೀವು ಎಡವಿದ್ದು ಆ ಐದು ನಿಮಿಷದ ಒಂದು ಜಾಗದಲ್ಲಿ. ಉಸಿರು ಎಣಿಸಲಿಲ್ಲ.

ಈ 20ರ ಕಥೆ ನಿಮ್ಮೊಬ್ಬರದಲ್ಲ. ಯಾವ ವಾರ್ಡಿನ ಟಿಪಿಆರ್ (ಟೆಂಪರೇಚರ್, ಪಲ್ಸ್, ಉಸಿರು) ಚಾರ್ಟ್ ಬೇಕಾದರೂ ತೆರೆಯಿರಿ, ಅಡ್ಮಿಷನ್ನಿನಿಂದ ಡಿಸ್ಚಾರ್ಜ್‌ವರೆಗೆ 20, 20, 20. ಬೆಂಗಳೂರಿನಲ್ಲಿ ಮಾತ್ರವಲ್ಲ, ಲಂಡನ್ನಿನಲ್ಲೂ ಇದೇ ದೂರು. ಬಿಪಿಗೆ ಮೆಷಿನ್ ಇದೆ, ಪಲ್ಸಿಗೂ ಸ್ಯಾಚುರೇಷನ್ನಿಗೂ ಬೆರಳಿಗೆ ಕ್ಲಿಪ್ ಇದೆ. ಉಸಿರಿಗೆ ಮಾತ್ರ ಮನುಷ್ಯರು ನಿಂತು ನೋಡಬೇಕು, ಅದಕ್ಕೇ ಅದು ಬಿಟ್ಟುಹೋಗುತ್ತದೆ. ಬಿಟ್ಟುಹೋಗುವುದು ದುಬಾರಿಯೂ ಹೌದು, ಏಕೆಂದರೆ ಬಹಳ ಕೇಸುಗಳಲ್ಲಿ ಮೊದಲು ಕದಲುವುದೇ ಅದು. ಸೋಂಕು ರಕ್ತಕ್ಕೆ ಏರಿದಾಗ, ರಕ್ತ ಸೋರಿದಾಗ, ಅಂಗಾಂಗಗಳಿಗೆ ರಕ್ತ ಸಾಲದೆ ಮೈಯಲ್ಲಿ ಆಮ್ಲ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಮೈ ಜೋರಾಗಿ ಉಸಿರಾಡಿ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತದೆ. ಹಾಗೆ ಜೋರಾಗಿ ಉಸಿರಾಡುತ್ತಿರುವಷ್ಟು ಹೊತ್ತು ಸ್ಯಾಚುರೇಷನ್ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ‘ಸ್ಯಾಚುರೇಷನ್ 95 ಇದೆ, ಉಸಿರಾಟಕ್ಕೆ ತೊಂದರೆಯಿಲ್ಲ’ ಎಂಬ ಲೆಕ್ಕ ತಪ್ಪು. ಆ 95ನ್ನು ಉಳಿಸಿಕೊಳ್ಳಲು ಮೈ ಎಷ್ಟು ದುಡಿಯುತ್ತಿದೆ ಎಂಬುದನ್ನು ಹೇಳುವುದು ಉಸಿರಿನ ಎಣಿಕೆ. ಇದರ ಇನ್ನೊಂದು ತುದಿಯೂ ಇದೆ. ಆಪರೇಷನ್ ನೋವಿಗೆ ಟ್ರಮಡಾಲ್ ಅಥವಾ ಮಾರ್ಫಿನ್, ಅದರ ಮೇಲೆ ಮಂಪರು ತರಿಸುವ ಫೆನರ್ಗನ್ ಬಿದ್ದವರ ಉಸಿರು ನಿಧಾನವಾಗುತ್ತಾ ಹೋಗುತ್ತದೆ. ಮೂಗಿಗೆ ಆಕ್ಸಿಜನ್ ಇದ್ದರೆ ಉಸಿರು 8ಕ್ಕೆ ಇಳಿದರೂ ಕ್ಲಿಪ್ಪಿನಲ್ಲಿ 98 ಕಾಣಿಸಬಹುದು. ‘ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ’ ಎಂದು ದಾಟಿಹೋಗುವುದು ಇಂಥವರನ್ನೇ.

ಎಣಿಸುವುದು ಹೇಗೆ ಎಂದು ಕಾಲೇಜಿನಲ್ಲಿ ಕಲಿತಿದ್ದೀರಿ, ಆದರೂ ಹೇಳುತ್ತೇನೆ. ಪಲ್ಸ್ ನೋಡಿದ ಮೇಲೆ ಕೈ ಬಿಡಬೇಡಿ. ಮಣಿಕಟ್ಟನ್ನು ಹಿಡಿದ ಹಾಗೇ ಎದೆಯ ಕಡೆ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರು ಎಣಿಸುತ್ತಿದ್ದೇವೆ ಎಂದು ಗೊತ್ತಾದರೆ ಯಾರ ಉಸಿರೂ ಮೊದಲಿನಂತೆ ಇರುವುದಿಲ್ಲ. ಕತ್ತಲಿದ್ದರೆ, ಹೊದಿಕೆ ಇದ್ದರೆ ಎದೆಯ ಮೇಲೆ ಅಂಗೈ ಹಗುರವಾಗಿ ಇಡಿ. ಮಾತಾಡುತ್ತಿರುವಾಗ ಎಣಿಸಬೇಡಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸವೂ ಬೇಡ, ಒಂದು ಉಸಿರು ಹೆಚ್ಚುಕಡಿಮೆಯಾದರೆ ಲೆಕ್ಕದಲ್ಲಿ ನಾಲ್ಕರ ವ್ಯತ್ಯಾಸ ಬರುತ್ತದೆ. ಹೊಟ್ಟೆಯ ಆಪರೇಷನ್ ಆದವರು ನೋವಿಗೂ ಚಿಕ್ಕಚಿಕ್ಕದಾಗಿ, ಬೇಗಬೇಗ ಉಸಿರಾಡುತ್ತಾರೆ, ಹಾಗಾಗಿ ಎಣಿಕೆ ಹೆಚ್ಚಿದ್ದರೆಲ್ಲ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡತೊಡಗುವುದು) ಅಲ್ಲ. ಹೆಚ್ಚಿರುವುದು ಯಾಕೆ ಎಂದು ಕೇಳಿಕೊಳ್ಳಲು ಮೊದಲು ಎಷ್ಟಿದೆ ಎಂದು ಗೊತ್ತಿರಬೇಕಲ್ಲ.

ಈ ಎರಡು ನೋಟಗಳು, ಉಸಿರು ಮತ್ತು ಮನಸ್ಸಿನ ಸ್ಥಿತಿ, ಎಷ್ಟು ತೂಗುತ್ತವೆ ಎಂಬುದನ್ನು ನಿಮ್ಮದೇ ಅಂಕಿಗಳಲ್ಲಿ ತೋರಿಸುತ್ತೇನೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್-2’ ಎಂಬ ಸ್ಕೋರ್ ಇದೆ. ಉಸಿರು, ಸ್ಯಾಚುರೇಷನ್, ಆಕ್ಸಿಜನ್ ಕೊಡಲಾಗುತ್ತಿದೆಯೇ, ಮೇಲಿನ ಬಿಪಿ, ಪಲ್ಸ್, ಪ್ರಜ್ಞೆ, ಟೆಂಪರೇಚರ್, ಈ ಏಳಕ್ಕೂ ಅಂಕ ಕೊಟ್ಟು ಕೂಡುವುದು. ನೀವು ಬರೆದಂತೆ ಲೆಕ್ಕ ಹಾಕಿದರೆ ಬಿಪಿ 110ಕ್ಕೆ 1, ಪಲ್ಸ್ 96ಕ್ಕೆ 1, ಸ್ಯಾಚುರೇಷನ್ 95ಕ್ಕೆ 1, ಟೆಂಪರೇಚರಿಗೆ ಸೊನ್ನೆ, ಉಸಿರು 20ಕ್ಕೆ ಸೊನ್ನೆ, ಪ್ರಜ್ಞೆ ಸರಿಯಿದೆ ಎಂದರೆ ಸೊನ್ನೆ. ಒಟ್ಟು 3. ಯಾರೂ ಓಡಿ ಬರುವ ಸಂಖ್ಯೆ ಅಲ್ಲ. ಈಗ ಹೊಸದಾಗಿ ಶುರುವಾದ ಗೊಂದಲವನ್ನು ಸೇರಿಸಿ, ಅದೊಂದಕ್ಕೇ 3. ಉಸಿರು ಎಣಿಸಿ, ಅದು 26 ಬಂತೆಂದು ಇಟ್ಟುಕೊಳ್ಳೋಣ. 25 ಮುಟ್ಟಿದರೆ ಅದಕ್ಕೂ 3. ಒಟ್ಟು 9. ಆ ಪದ್ಧತಿಯಲ್ಲಿ 5 ಬಂದರೆ ಡಾಕ್ಟರು ತುರ್ತಾಗಿ ಬಂದು ನೋಡಬೇಕು, 7 ಮುಟ್ಟಿದರೆ ಎಮರ್ಜೆನ್ಸಿ. ಒಂದೇ ರೋಗಿ, ಒಂದೇ ಗಳಿಗೆ, ಒಂದು ಪೈಸೆಯ ಹೊಸ ಉಪಕರಣ ಇಲ್ಲದೆ 3 ಹೋಗಿ 9. ನಿಮ್ಮ ರೋಗಿಯ ಉಸಿರು ರಾತ್ರಿ ಒಂದು ಗಂಟೆಯ ಹೊತ್ತಿಗೆ 26 ಇತ್ತೆಂದು ನಾನು ಹೇಳುತ್ತಿಲ್ಲ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಗೊಂದಲ ಒಂದನ್ನೇ ಸೇರಿಸಿದ್ದರೂ 6 ಆಗುತ್ತಿತ್ತು.

ಸ್ಕೋರಿಗೂ ಮಿತಿ ಇದೆ, ಅದನ್ನು ತಿಳಿಯದೆ ಬಳಸಿದರೆ ಅದೂ ಮೋಸ ಮಾಡುತ್ತದೆ. ಈ ರೋಗಿಯ ಎಂದಿನ ಬಿಪಿ 150 ಎಂಬುದು ಸ್ಕೋರಿಗೆ ಗೊತ್ತಿಲ್ಲ, ಅದರ ಕಣ್ಣಿಗೆ 111 ಆಗಿದ್ದರೆ ಪೂರ್ತಿ ನಾರ್ಮಲ್. ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರ ಪಲ್ಸ್ ಏರಬೇಕಾದಷ್ಟು ಏರುವುದಿಲ್ಲ ಎಂಬುದೂ ಅದಕ್ಕೆ ಗೊತ್ತಿಲ್ಲ. ಹದಿನಾರು ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಅದನ್ನು ಬಳಸುವಂತಿಲ್ಲ. ಹೆರಿಗೆ ವಾರ್ಡಿನ ನರ್ಸುಗಳು ಬಿಪಿಯನ್ನು ಇನ್ನೂ ಕಡಿಮೆ ನಂಬಬೇಕು. ಆರೋಗ್ಯವಂತ ಎಳೆಯ ಮೈ ಸುಮಾರು ಶೇ 30ರಷ್ಟು ರಕ್ತ ಹೋಗುವವರೆಗೂ ಮೇಲಿನ ಬಿಪಿಯನ್ನು ಹಿಡಿದು ನಿಲ್ಲಿಸಬಲ್ಲದು. ಬಾಣಂತಿಯ ಪಲ್ಸ್ ಏರುತ್ತಿದೆ, ಪ್ಯಾಡ್ ಮೇಲೆ ಪ್ಯಾಡ್ ತೊಯ್ಯುತ್ತಿದೆ, ಆಕೆ ‘ತಲೆ ತಿರುಗುತ್ತೆ’ ಅನ್ನುತ್ತಾಳೆ ಎಂದ ಮೇಲೆ ಬಿಪಿ 110 ಇದ್ದರೆ ಅದರಿಂದ ಸಮಾಧಾನಪಡಬೇಕಾದ್ದು ಏನೂ ಇಲ್ಲ. ಸ್ಕೋರ್ ಎಷ್ಟೇ ಇರಲಿ, ನೋಡಿಕೊಳ್ಳುವವರಿಗೆ ಆತಂಕವಿದ್ದರೆ ಡಾಕ್ಟರನ್ನು ಕರೆಯಬೇಕೆಂದು ಆ ಪದ್ಧತಿಯೇ ಹೇಳುತ್ತದೆ.

ನೀವು ಮನಸ್ಸಿನಲ್ಲೇ ಅನ್ನುತ್ತಿರಬಹುದು, 34 ಜನಕ್ಕೆ ಒಂದೊಂದು ನಿಮಿಷವೆಂದರೂ ಅರ್ಧ ಗಂಟೆ ಮೀರುತ್ತದೆ, ನಡುವೆ ಡ್ರಿಪ್ ಬದಲಿಸಬೇಕು, ಇಂಜೆಕ್ಷನ್ ಕೊಡಬೇಕು, ಹೊಸ ಅಡ್ಮಿಷನ್ ಬರುತ್ತದೆ ಎಂದು. ಸರಿಯಾದ ಮಾತು. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ. ಕಾಗದದ ಮೇಲಿನ ಐದಕ್ಕೂ ನಿಮ್ಮ 34ಕ್ಕೂ ನಡುವಿನ ಅಂತರವನ್ನು ನಿಮ್ಮ ಜಾಣತನದಿಂದ ತುಂಬಲಾಗದು. ಒಂಬತ್ತು ಯುರೋಪಿಯನ್ ದೇಶಗಳ ಆಸ್ಪತ್ರೆಗಳನ್ನು ನೋಡಿ ಲಿಂಡಾ ಐಕನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಷನ್ ಆದವರು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಿತ್ತು. ಆಡಿಟ್ ಸಭೆಯಲ್ಲಿ ನಿಮ್ಮ ಚಾರ್ಟಿನ ಜೊತೆಗೆ ಆ ರಾತ್ರಿಯ ಡ್ಯೂಟಿ ರೋಸ್ಟರ್ ಕೂಡ ಮೇಜಿನ ಮೇಲೆ ಇರಬೇಕು. ಇಲ್ಲದಿದ್ದರೆ ಅದು ಆಡಿಟ್ ಅಲ್ಲ, ಒಬ್ಬರ ತಲೆಗೆ ಕಟ್ಟುವ ಏರ್ಪಾಡು.

ಆದರೆ ಇವತ್ತಿನ ರಾತ್ರಿಗೂ ನೀವೊಬ್ಬರೇ ಇರುತ್ತೀರಿ. ಹಾಗಾಗಿ 34 ಜನರಲ್ಲಿ ಯಾರ ಪಕ್ಕ ನಿಲ್ಲಬೇಕೆಂದು ಆರಿಸಬೇಕು, ಆ ಆಯ್ಕೆಯೇ ನಿಮ್ಮ ಕೆಲಸದ ಮುಕ್ಕಾಲು ಪಾಲು. ಹಿಂದಿನ ಪಾಳಿಯವರಿಂದ ಓವರ್ ತೆಗೆದುಕೊಳ್ಳುವಾಗಲೇ ಕೇಳಿ: ‘ಇವತ್ತು ಯಾರ ಬಗ್ಗೆ ನಿಮಗೆ ಯೋಚನೆ ಇದೆ?’ ಹೊಟ್ಟೆ, ಎದೆ, ದೊಡ್ಡ ಮೂಳೆಯ ಆಪರೇಷನ್ ಆಗಿ ವಾರ ಕಳೆಯದವರು, ಅಂದು ಐಸಿಯುನಿಂದ ಹೊರಬಂದವರು, ಆಕ್ಸಿಜನ್ ಮೇಲಿರುವವರು, ಸಂಜೆ ಜೋರು ನೋವಿನ ಇಂಜೆಕ್ಷನ್ ಪಡೆದವರು, ಮನೆಯವರು ಎರಡು ಸಲ ಬಂದು ಕರೆದವರು. ಇವರು ಆರೇಳು ಜನ ಆಗುತ್ತಾರೆ. ಅವರ ಉಸಿರನ್ನು ನಿಜವಾಗಿ ಎಣಿಸಿ. ಉಳಿದವರದನ್ನು ಎಣಿಸಲಾಗದಿದ್ದರೆ ಆ ಜಾಗ ಖಾಲಿ ಬಿಡಿ. ಖಾಲಿ ಜಾಗ ನೋಡಿದವರಿಗೆ ಎಣಿಸಿಲ್ಲ ಎಂದು ಗೊತ್ತಾಗುತ್ತದೆ. 20 ಎಂದು ಬರೆದಿದ್ದರೆ ನೋಡಿದವರು ನಂಬುತ್ತಾರೆ, ಡಾಕ್ಟರು ಅದರ ಮೇಲೆ ತೀರ್ಮಾನ ತೆಗೆದುಕೊಳ್ಳುತ್ತಾರೆ. ಇನ್‌ಚಾರ್ಜ್ ಸಿಸ್ಟರ್ ಖಾಲಿ ಬಿಟ್ಟದ್ದಕ್ಕೆ ಬೈದರೆ ಬೈಸಿಕೊಳ್ಳಿ. ಗಲಾಟೆ ಮಾಡುವವರ ನಡುವೆ ಇದ್ದಕ್ಕಿದ್ದಂತೆ ಸುಮ್ಮನಾದವರ ಬೆಡ್ಡಿಗೂ ಒಮ್ಮೆ ಹೋಗಿ ಬನ್ನಿ.

ಮನೆಯವರ ಮಾತಿಗೆ ಬರೋಣ. ‘ಇವರು ಹಿಂಗಲ್ಲ’ ಎಂದ ಆ ಹೆಂಗಸು ಆ ರಾತ್ರಿ ನಿಮ್ಮ ವಾರ್ಡಿನಲ್ಲಿದ್ದ ಅತಿ ಒಳ್ಳೆಯ ಮಾನಿಟರ್. ಗಂಡ ಎಂದಿನಂತೆ ಮಾತಾಡುತ್ತಿದ್ದಾರೋ ಇಲ್ಲವೋ ಎಂದು ಹೇಳಬಲ್ಲವರು ಆಕೆಯೊಬ್ಬರೇ. ನೀವಾಗಲಿ ಡಾಕ್ಟರಾಗಲಿ ಅವರನ್ನು ನೋಡಿದ್ದೇ ಮೂರು ದಿನದಿಂದ. ಇಂಗ್ಲೆಂಡಿನಲ್ಲಿ 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೈಕಲ್ಲಿನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿ, ಆಸ್ಪತ್ರೆಯಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡಳು. ತಂದೆತಾಯಿಯ ಆತಂಕವನ್ನು ಅಲ್ಲಿ ಸರಿಯಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಆಕೆಯ ಹೆತ್ತವರ ಹೋರಾಟದಿಂದ 2024ರಲ್ಲಿ ಅಲ್ಲಿ ‘ಮಾರ್ಥಾ ನಿಯಮ’ ಜಾರಿಗೆ ಬರತೊಡಗಿತು; ರೋಗಿಯ ಸ್ಥಿತಿ ಹದಗೆಡುತ್ತಿದೆ ಅನ್ನಿಸಿದರೆ ಮನೆಯವರೇ ಬೇರೆ ತಂಡದಿಂದ ತುರ್ತು ಪರಿಶೀಲನೆ ಕೇಳಬಹುದು. ನಮ್ಮ ವಾರ್ಡುಗಳಲ್ಲಿ ಆ ನಿಯಮ ಇಲ್ಲ, ಆದರೆ ರೋಗಿಯ ಮಗ್ಗುಲಲ್ಲೇ ರಾತ್ರಿಯಿಡೀ ಕೂರುವ ಮನೆಯವರು, ನಾವು ಅಟೆಂಡರ್ ಅನ್ನುವವರು, ಇದ್ದಾರೆ. ಎಷ್ಟೋ ದೇಶಗಳಲ್ಲಿ ಇಲ್ಲದ ಅನುಕೂಲ ಇದು. ನಾವು ಅದನ್ನು ‘ಸ್ವಲ್ಪ ಹೊರಗೆ ನಿಲ್ಲಮ್ಮ’ ಎಂದು ಕಳೆದುಕೊಳ್ಳುತ್ತೇವೆ. ಅವರ ಮಾತನ್ನು ಅವರದೇ ಶಬ್ದಗಳಲ್ಲಿ ನರ್ಸಸ್ ನೋಟ್ಸಿನಲ್ಲಿ ಬರೆಯಿರಿ: ‘ಸಂಜೆಯಿಂದ ಏನೇನೋ ಮಾತಾಡುತ್ತಿದ್ದಾರೆಂದು ಪತ್ನಿ ತಿಳಿಸಿದರು, 1.05.’ ಗೊಂದಲ ಕಂಡ ಯಾರಿಗೇ ಆಗಲಿ, ಡಾಕ್ಟರಿಗೆ ಫೋನ್ ಮಾಡುವ ಮೊದಲು ಶುಗರ್ ಪರೀಕ್ಷೆ, ಅಂದರೆ ಒಂದು ಜಿಆರ್‌ಬಿಎಸ್ ನೋಡಿಬಿಡಿ. ಶುಗರ್ ಬಿದ್ದಿದ್ದರೆ ಕಥೆಯೇ ಬೇರೆ. ಹೊದಿಕೆ ಸರಿಸಿ ಹೊಟ್ಟೆ ಉಬ್ಬಿದೆಯೇ, ಡ್ರೈನಿನ ಬಣ್ಣ ಬದಲಾಗಿದೆಯೇ, ಕ್ಯಾಥೆಟರ್ ಮಡಿಸಿಕೊಂಡಿದೆಯೇ ನೋಡಿ. ಯೂರಿನ್ ಕಡಿಮೆ ಎಂದು ಹೇಳಿದ ಮೇಲೆ ಟ್ಯೂಬ್ ಬೆನ್ನಡಿಯಲ್ಲಿ ಸಿಕ್ಕಿತ್ತು ಎಂದಾಗಬಾರದು.

ಇನ್ನು ಫೋನ್. ಡಾಕ್ಟರ ಪರವಾಗಿಯೂ ಒಂದು ಮಾತು ಹೇಳುತ್ತೇನೆ, ಬೇಸರಿಸಬೇಡಿ. ನಿದ್ದೆಗಣ್ಣಿನಲ್ಲಿ ಫೋನ್ ಎತ್ತಿದವರಿಗೆ ನೀವು ಎರಡು ವಾಕ್ಯ ಕೊಟ್ಟಿರಿ. ಮೊದಲನೆಯದರಲ್ಲಿ ಆತಂಕವಿತ್ತು, ವಿವರ ಇರಲಿಲ್ಲ. ಎರಡನೆಯದು ಮೊದಲನೆಯದನ್ನು ಅಳಿಸಿಹಾಕಿತು. ಹಿಂದಿನ ದಿನ ಅಟೆನೊಲಾಲ್ ಮತ್ತೆ ಶುರು ಮಾಡಿದ್ದು ನೆನಪಿದ್ದರೆ, ಬಿಪಿ ಇಳಿದದ್ದು ಅದರಿಂದ ಎಂದೂ ಅವರು ಅಂದುಕೊಂಡಿರಬಹುದು, ತೀರಾ ತಪ್ಪು ಯೋಚನೆಯಲ್ಲ. ಆದರೆ ಅಟೆನೊಲಾಲ್ ಪಲ್ಸನ್ನು 96ಕ್ಕೆ ಏರಿಸುವುದಿಲ್ಲ, ಏನೇನೋ ಮಾತಾಡಿಸುವುದಿಲ್ಲ. ಈ ತುಣುಕುಗಳು ಅವರಿಗೆ ಸಿಗಲಿಲ್ಲ. ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಲ್ಲಿ ಹುಟ್ಟಿ, ಅಲ್ಲಿನ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳ ಮೂಲಕ ವೈದ್ಯಕೀಯಕ್ಕೆ ಬಂದ ‘ಎಸ್‌ಬಾರ್’ ಕ್ರಮವನ್ನು ನಿಮಗೆ ಪಾಠ ಮಾಡಿರುತ್ತಾರೆ: ಈಗಿನ ಸ್ಥಿತಿ, ಹಿನ್ನೆಲೆ, ನಿಮಗೆ ಅನ್ನಿಸುವುದು, ನಿಮಗೆ ಬೇಕಾದ್ದು. ಪರೀಕ್ಷೆಯಲ್ಲಿ ಬರೆದು ಮರೆಯುವ ವಿಷಯ ಅದು, ನಮ್ಮ ಭಾಷೆಯಲ್ಲಿ ಆಡಿನೋಡುವವರು ಕಡಿಮೆ. ಹೀಗೆ ಹೇಳಬಹುದಿತ್ತು:

‘ಸರ್, ಮೇಲ್ ಸರ್ಜಿಕಲ್‌ನಿಂದ. 12ನೇ ಬೆಡ್, ಕರುಳು ರಿಸೆಕ್ಷನ್ ಆಗಿ ಮೂರನೇ ದಿನ, ಸಂಜೆಯಿಂದ ಕನ್‌ಫ್ಯೂಸ್ ಆಗಿದ್ದಾರೆ. ಉಸಿರು 26, ನಾನೇ ಒಂದು ನಿಮಿಷ ಎಣಿಸಿದ್ದು. ಬಿಪಿ 110, ಅಡ್ಮಿಷನ್‌ನಲ್ಲಿ 150 ಇತ್ತು. ಅಟೆನೊಲಾಲ್ ಮೇಲಿದ್ರೂ ಪಲ್ಸ್ 96. ಆರು ಗಂಟೆಗೆ ಯೂರಿನ್ 120 ಅಷ್ಟೇ. ಶುಗರ್ ಸರಿ ಇದೆ. ಸೆಪ್ಸಿಸ್ ಇರಬಹುದು, ಲೀಕ್ ಆಗಿರಬಹುದು ಅಂತ ನನಗೆ ಭಯ. ನೀವು ಬಂದು ನೋಡಬೇಕು ಸರ್. ಎಷ್ಟು ಹೊತ್ತಿಗೆ ಬರ್ತೀರಿ? ಅಷ್ಟರಲ್ಲಿ ನಾನು ಏನು ಮಾಡಲಿ?’

ಮುಕ್ಕಾಲು ನಿಮಿಷದ ಮಾತು. ‘ಲೀಕ್’ ಎಂಬ ಪದವನ್ನು ನರ್ಸ್ ಹೇಳಬಹುದೇ ಎಂಬ ಅಳುಕು ನಿಮ್ಮಲ್ಲಿ ಬಹಳ ಜನಕ್ಕಿದೆ, ಅದು ಡಯಾಗ್ನೋಸಿಸ್ ಮಾಡಿದಂತಾಗುತ್ತದೆ ಎಂದು. ನೀವು ತೀರ್ಪು ಕೊಡುತ್ತಿಲ್ಲ, ಭಯ ಯಾವುದರದು ಎಂದು ಹೇಳುತ್ತಿದ್ದೀರಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ‘ವೈಟಲ್ಸ್ ನಾರ್ಮಲ್’ ಎಂಬ ಮಾತನ್ನಂತೂ ಫೋನಿನಲ್ಲಿ ಆಡುವುದನ್ನೇ ಬಿಟ್ಟುಬಿಡಿ. ಅಂಕಿ ಹೇಳಿ, ಹಿಂದೆ ಎಷ್ಟಿತ್ತು ಹೇಳಿ, ನಾರ್ಮಲ್ ಹೌದೋ ಅಲ್ಲವೋ ಕೇಳಿದವರು ತೀರ್ಮಾನಿಸಲಿ.

ಇಷ್ಟು ಹೇಳಿದ ಮೇಲೂ ‘ಅಬ್ಸರ್ವ್ ಮಾಡಿ’ ಎಂಬ ಉತ್ತರ ಬರಬಹುದು. ಆಗ ಫೋನ್ ಇಡುವ ಮೊದಲು ಕೇಳಿ: ‘ಆಗಲಿ ಸರ್. ಎಷ್ಟು ಹೊತ್ತಿಗೊಮ್ಮೆ ನೋಡಲಿ, ಏನು ಕಂಡರೆ ಮತ್ತೆ ಫೋನ್ ಮಾಡಲಿ?’ ಅಬ್ಸರ್ವ್ ಎಂಬುದಕ್ಕೆ ಗಂಟೆಯೂ ಗಡಿಯೂ ಇಲ್ಲದಿದ್ದರೆ ಅದು ಬೆಳಗಿನವರೆಗೂ ಎಳೆಯುತ್ತದೆ, ನಿಮ್ಮ ರೋಗಿಯಲ್ಲಿ ಆದದ್ದೂ ಅದೇ. ಅರ್ಧ ಗಂಟೆಗೊಮ್ಮೆ ನೋಡಿ ಎಂದರೆ ಅರ್ಧ ಗಂಟೆಗೊಮ್ಮೆ ಬರೆಯಿರಿ. ಗಡಿ ದಾಟಿದ ಕೂಡಲೇ ಎರಡನೇ ಫೋನ್. ಆಗಲೂ ಬರದಿದ್ದರೆ ನೈಟ್ ಸೂಪರ್‌ವೈಸರ್, ಅಲ್ಲಿಂದ ಆಪರೇಷನ್ ಮಾಡಿದ ಸರ್ಜನ್. ಡ್ಯೂಟಿ ಡಾಕ್ಟರನ್ನು ದಾಟಿ ಹೋಗುವಾಗ ಅವರಿಗೆ ತಿಳಿಸಿಯೇ ಹೋಗಿ: ‘ಸರ್, ನನಗೆ ಇನ್ನೂ ಭಯ ಇದೆ, ಸರ್ಜನ್‌ಗೆ ತಿಳಿಸ್ತಿದ್ದೀನಿ.’ ಈ ವಾಕ್ಯ ಕೇಳಿದ ಮೇಲೆ ಅವರೇ ಎದ್ದು ಬರುವುದೂ ಉಂಟು. ಮರುದಿನ ಮುಖ ಗಂಟಿಕ್ಕಬಹುದು, ಅದು ನಿಜವಾದ ಕಷ್ಟ, ಅದಿಲ್ಲ ಎಂದು ನಾನು ನಟಿಸಲಾರೆ. ಅದಕ್ಕೇ ಯಾರನ್ನು ಯಾವಾಗ ಕರೆಯಬೇಕೆಂಬ ಕ್ರಮವನ್ನು ಆಸ್ಪತ್ರೆಯೇ ಬರೆದು ಸ್ಟೇಷನ್ನಿನ ಗೋಡೆಗೆ ಅಂಟಿಸಿರಬೇಕು. ಆಗ ನೀವು ಧೈರ್ಯ ಮಾಡಿದಂತಾಗುವುದಿಲ್ಲ, ನಿಯಮ ಪಾಲಿಸಿದಂತಾಗುತ್ತದೆ. ಆಡಿಟ್ ಸಭೆಯಲ್ಲಿ ಕೇಳಬೇಕಾದ ಮೊದಲ ವಿಷಯ ಇದು.

ಈಗ ಆ 20. ತಿದ್ದಿದರೆ ಆಗುವುದೇನು ನೋಡಿ. ಐಸಿಯುಗೆ ಕಳಿಸಿದಾಗ ಚಾರ್ಟಿನ ಪ್ರತಿ, ಅಥವಾ ಅದರಿಂದ ಬರೆದುಕೊಂಡ ಅಂಕಿ, ಆಗಲೇ ಬೇರೆ ಕೈಗೆ ಹೋಗಿರುತ್ತದೆ. ಎರಡು ಕಡೆ ಎರಡು ಸಂಖ್ಯೆ ಕಂಡರೆ ನೀವು ಬರೆದ ಉಳಿದ ಯಾವುದನ್ನೂ ಯಾರೂ ನಂಬುವುದಿಲ್ಲ, ಡಾಕ್ಟರಿಗೆ ಫೋನ್ ಮಾಡಿದ್ದನ್ನೂ ಸಹ. ನಾಳೆ ಗ್ರಾಹಕರ ನ್ಯಾಯಾಲಯಕ್ಕೆ ಹೋದರೆ ತಿದ್ದಿದ ದಾಖಲೆ, ಎಣಿಸದಿರುವುದಕ್ಕಿಂತ ದೊಡ್ಡ ಅಪರಾಧವಾಗಿ ನಿಲ್ಲುತ್ತದೆ. ಅದೂ ಅಲ್ಲದೆ 24 ಎಂಬುದೂ ನೀವು ಎಣಿಸದ ಸಂಖ್ಯೆಯೇ. ಫೋನ್ ಮಾಡಿದ ಸಮಯ, ಸಿಕ್ಕ ಉತ್ತರ ನೋಟ್ಸಿನಲ್ಲಿ ಇಲ್ಲದಿದ್ದರೆ ಅದನ್ನು ಈಗ ಸೇರಿಸಬಹುದು. ‘ತಡವಾಗಿ ಬರೆದದ್ದು’ ಎಂದು ನಮೂದಿಸಿ, ಇವತ್ತಿನ ದಿನಾಂಕ, ಸಮಯ, ಸಹಿ ಹಾಕಿ, ಹಳೆಯ ಸಾಲನ್ನು ಮುಟ್ಟದೆ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ತಿಳಿಸಿ ಬರೆಯಿರಿ. ನಿಮ್ಮ ಮೊಬೈಲಿನ ಕಾಲ್ ಲಾಗ್ ಅಳಿಸಬೇಡಿ.

ಇನ್ಸಿಡೆಂಟ್ ಫಾರಂ ಇದ್ದರೆ ಅದರಲ್ಲಿ ರಾತ್ರಿ ಒಂದು ಗಂಟೆಯ ಹೊತ್ತಿನ ಉಸಿರು ಎಣಿಸಿರಲಿಲ್ಲ, ವಾರ್ಡಿನ ರೂಢಿಯಂತೆ 20 ಎಂದು ಬರೆಯಲಾಗಿತ್ತು ಎಂದೇ ಬರೆಯಿರಿ. ಅದರ ಕೆಳಗೆ ಆ ರಾತ್ರಿ ವಾರ್ಡಿನಲ್ಲಿದ್ದ ರೋಗಿಗಳು 34, ನರ್ಸ್ 1 ಎಂಬುದನ್ನೂ.